ಹಸಿರು ತಂತಿಯ ತುದಿ

"ಆ ಡಬ್ಬಿ ಮುಟ್ಬೇಡಿ ಮೇಡಂ," ಎಂದು ಶೆಡ್ಡಿನ ಬಾಗಿಲಿನಿಂದ ದನಿ ಬಂತು. "ನನ್ ಗಂಡನ್ನ ತಿಂದಿದ್ದು ಅದೇ."

ನಾನಾಗಲೇ ಕರೆಂಟು ಕಾರಿನ ಚಾರ್ಜರಿನ ಮುಚ್ಚಳದ ನಾಲ್ಕನೇ ಸ್ಕ್ರೂ ಬಿಚ್ಚಿ ಅಂಗೈಗೆ ಹಾಕಿಕೊಂಡಿದ್ದೆ.

"ಮೇನ್ ಆಫ್ ಮಾಡಿದೀನಿ. ಫ್ಯೂಸು ನನ್ ಜೇಬಲ್ಲಿದೆ. ಟೆಸ್ಟರ್ ಇಟ್ಟೂ ನೋಡಿದೀನಿ," ಎಂದೆ. "ಈಗ ಇದು ಬರೀ ಡಬ್ಬಿ ಕಣಮ್ಮ. ಬನ್ನಿ, ಕೂತ್ಕೊಳ್ಳಿ."

ಆಕೆ ಕೂರಲಿಲ್ಲ. ಆಕೆ ಈ ಮನೆಯ ಸೊಸೆ, ಹೈಸ್ಕೂಲಿನಲ್ಲಿ ಟೀಚರು. ಸೋಮವಾರ ಬೆಳಿಗ್ಗೆ ಶೆಡ್ಡು ತೊಳೆದು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಚಾರ್ಜಿಗೆ ಹಾಕಿದ್ದ ಕಾರಿನ ಡಿಕ್ಕಿ ತೆಗೆಯಲು ಕೈಯಿಟ್ಟ ಆಕೆಯ ಗಂಡ ಶಾಕ್ ಹೊಡೆದು ಬಿದ್ದವರು ಮತ್ತೆ ಏಳಲಿಲ್ಲ. ಚಾರ್ಜರು ಕೂರಿಸಿಕೊಟ್ಟ ಮೇಸ್ತ್ರಿಯನ್ನು ಅಂದಿನಿಂದ ದಿನಾ ಠಾಣೆಗೆ ಕರೆಸಿ ಬೆಂಚಿನ ಮೇಲೆ ಕೂರಿಸುತ್ತಿದ್ದಾರೆ.

ಇವತ್ತು ಗುರುವಾರ. ವಿದ್ಯುತ್ ತಪಾಸಣೆಯವಳಾದ ನಾನು ಸಂಜೆ ಐದಕ್ಕೆ ವರದಿ ಕೊಡಬೇಕು. ಕೆಲಸ ಕೆಟ್ಟದ್ದು ಎಂದು ಬರೆದರೆ ಮೇಸ್ತ್ರಿ ಬೆಂಚಿನಿಂದ ನೇರ ಒಳಕ್ಕೆ. ಇಲ್ಲ ಎಂದು ಬರೆದರೆ ಬೆಂಚಿನಿಂದ ಮನೆಗೆ.

ಒಂದು ಮಾತು ಮುಚ್ಚಿಡಬಾರದು. ಮೂವತ್ತು ವರ್ಷದ ಹಿಂದೆ ಕೆಲಸ ಕಲಿಯುವಾಗ ನಾನು ಒಂದು ವರ್ಷ ಇದೇ ಮೇಸ್ತ್ರಿಯ ಕೈಕೆಳಗೆ ವೈರು ಎಳೆದವಳು. ಮೇಲಿನವರಿಗೆ ಹೇಳಿದೆ, ಬೇರೆಯವರನ್ನು ಕಳಿಸಿ ಎಂದು. "ಬೇರೆ ಯಾರಿದಾರೆ, ನೀವೇ ಹೋಗಿ," ಎಂದು ಫೋನಿಟ್ಟರು. ಬೆಳಿಗ್ಗೆ ಠಾಣೆಯಲ್ಲಿ ಮೇಸ್ತ್ರಿಯನ್ನು ನೋಡಿದಾಗ ಅವರು ತಲೆ ಎತ್ತಲಿಲ್ಲ. ಹೋದ ತಿಂಗಳು ಕೆಲಸ ಮುಗಿಸಿದ ಮೇಲೆ ಆ ಮನೆ ಕಡೆ ತಲೆ ಹಾಕಿಲ್ಲ ಎಂದಷ್ಟೇ ಹೇಳಿದರು.

ಒಳಗೇನಿದೆ ಎಂದು ನೋಡುವ ಮೊದಲು ಹೊರಗೆ ಹೇಗೆ ಕೂರಿಸಿದ್ದಾರೆ ಎಂದು ನೋಡುವುದು ನನ್ನ ಪದ್ಧತಿ. ಅದನ್ನು ಆಗಲೇ ನೋಡಿ ಮುಗಿಸಿದ್ದೆ. ಚಾರ್ಜರು ಎದೆಮಟ್ಟಕ್ಕಿತ್ತು, ಎರಚಲು ತಲುಪದ, ಕಾರು ಹಿಂದಕ್ಕೆ ಬಂದರೂ ತಾಗದ ಜಾಗದಲ್ಲಿ. ಬರೀ ಗಾರೆಗೆ ಮೊಳೆ ಹೊಡೆದು ಕೈತೊಳೆದುಕೊಂಡಿರಲಿಲ್ಲ. ಇಟ್ಟಿಗೆಯೊಳಕ್ಕೆ ಕೊರೆದು ನಾಲ್ಕು ಆಂಕರ್ ಬೋಲ್ಟು ಕೂರಿಸಿದ್ದರು. ಎರಡೂ ಕೈಯಿಂದ ಜಗ್ಗಿದೆ, ಜಪ್ಪಯ್ಯ ಎಂದರೂ ಅಲುಗಲಿಲ್ಲ.

ವೈರು ಕೆಳಗಿನಿಂದ ಒಳಕ್ಕೆ ಹೋಗಿತ್ತು. ಹೋಗುವ ಮೊದಲು ಅದಕ್ಕೊಂದು ಬಾಗು ಕೊಟ್ಟಿದ್ದರು, ನೀರು ಇಳಿದರೂ ಬಾಗಿನಲ್ಲೇ ತೊಟ್ಟಿಕ್ಕಿ ಹೋಗಲಿ ಎಂದು. ಮೀಟರ್ ಬೋರ್ಡಿನಿಂದ ಚಾರ್ಜರಿಗೆಂದೇ ಬೇರೆ ಲೈನು, ದಪ್ಪ ತಾಮ್ರ, ನಡುವೆ ಎಲ್ಲೂ ಜೋಡಣೆಯಿಲ್ಲ.

ಇಷ್ಟೆಲ್ಲ ಮಾಡಿದ ಮನುಷ್ಯ ಅರ್ತಿಂಗ್ ತಂತಿಯನ್ನು ಮಾತ್ರ ಬಿಗಿಯದೆ ಬಿಟ್ಟು ಹೋದರಂತೆ. ಪೊಲೀಸರ ಟಿಪ್ಪಣಿಯಲ್ಲಿ ಹಾಗೆ ಬರೆದಿತ್ತು.

ಮುಚ್ಚಳ ತೆಗೆದೆ. ಕರೆಂಟು ತರುವ ಕೆಂಪು, ಅದನ್ನು ವಾಪಸ್ಸು ಒಯ್ಯುವ ಕಪ್ಪು, ಮತ್ತೆ ಹಸಿರು, ಮೂರು ತಂತಿ. ಹಸಿರು ತಂತಿ ತನ್ನ ಗೂಡಿನಿಂದ ಹೊರಬಂದು ನೇತಾಡುತ್ತಿತ್ತು. ಅದೇ ಅರ್ತಿಂಗ್. ಕಾರಿನ ಮೈಗೆ ಕರೆಂಟು ಬಂದರೆ ಅದನ್ನು ನೆಲಕ್ಕಿಳಿಸುವ ದಾರಿ. ಆ ದಾರಿ ಇಲ್ಲದಿದ್ದರೆ ಮುಟ್ಟಿದವರ ಮೈಯೇ ದಾರಿಯಾಗುತ್ತದೆ.

ನಾನು ಕನ್ನಡಕ ಬದಲಿಸಿ ಟಾರ್ಚು ಹತ್ತಿರ ಹಿಡಿದೆ.

ಮೇಸ್ತ್ರಿಗೆ ಒಂದು ಚಾಳಿಯಿದೆ. ಅಳತೆಯ ಸ್ಕ್ರೂಡ್ರೈವರು ಟಕ್ ಎನ್ನುವವರೆಗೆ ಸ್ಕ್ರೂ ಬಿಗಿದ ಮೇಲೆ, ಬಿಳಿ ಪೆನ್ನಿನಿಂದ ಸ್ಕ್ರೂವಿನ ತಲೆ ಮೇಲಿಂದ ಪಕ್ಕದ ಪ್ಲಾಸ್ಟಿಕ್ಕಿನವರೆಗೆ ಒಂದೇ ಗೀಟು ಎಳೆಯುತ್ತಾರೆ. ಆಮೇಲೆ ಯಾರಾದರೂ ಆ ಸ್ಕ್ರೂ ತಿರುಗಿಸಿದರೆ ಗೀಟು ತುಂಡಾಗಿ ಎರಡು ದಿಕ್ಕಿಗೆ ಹೋಗುತ್ತದೆ. ನಾವು ಕಲಿಯುವವರೆಲ್ಲ ಹಿಂದಿನಿಂದ ಅವರನ್ನು ಗೀಟು ಮೇಸ್ತ್ರಿ ಎಂದು ಆಡಿಕೊಳ್ಳುತ್ತಿದ್ದೆವು. ಅವರಿಗೆ ಗೊತ್ತಿತ್ತು, ಗೊತ್ತಿಲ್ಲದವರಂತೆ ಇರುತ್ತಿದ್ದರು.

ಚಾರ್ಜರಿನ ಒಳಗೆ ಒಟ್ಟು ಎಂಟು ಸ್ಕ್ರೂ. ಐದರ ಮೇಲೆ ಗೀಟು ನೆಟ್ಟಗಿತ್ತು. ಕೆಂಪು, ಕಪ್ಪು, ಹಸಿರು ತಂತಿಗಳ ಮೂರು ಸ್ಕ್ರೂಗಳಲ್ಲಿ ಮುರಿದಿತ್ತು. ಹಸಿರು ತಂತಿಯ ತಾಮ್ರದ ತುದಿ ಚಪ್ಪಟೆಯಾಗಿ, ಸ್ಕ್ರೂ ಕಚ್ಚಿದ ಗುರುತು ಆಳವಾಗಿ ಮೂಡಿತ್ತು. ಬಿಗಿಯದೆ ಬಿಟ್ಟ ತಂತಿಗೆ ಅಂಥ ಗುರುತು ಬೀಳುವುದಿಲ್ಲ.

ಇನ್ನೂ ಎರಡು ಸಂಗತಿ ಕಂಡವು. ಕೆಂಪು ತಂತಿ ಕೂರಬೇಕಾದಲ್ಲಿ ಕಪ್ಪು ಕೂತಿತ್ತು, ಕಪ್ಪು ಕೂರಬೇಕಾದ ನ್ಯೂಟ್ರಲ್ ಗೂಡಿನಲ್ಲಿ ಕೆಂಪು. ಮತ್ತೆ, ನ್ಯೂಟ್ರಲ್ ಗೂಡಿನಲ್ಲೂ ಅರ್ತಿಂಗ್ ಗೂಡಿನಲ್ಲೂ ತೆಳ್ಳಗಿನ ಇನ್ನೊಂದು ತಂತಿ ಒತ್ತಿದ ಹೊಸ ಗೆರೆಯಿತ್ತು. ಆ ತೆಳ್ಳಗಿನ ತಂತಿ ಮಾತ್ರ ಎಲ್ಲೂ ಇರಲಿಲ್ಲ.

ನನಗೆ ಎದೆ ಹಗುರಾಯಿತು. ಒಬ್ಬರು ಸತ್ತ ಜಾಗದಲ್ಲಿ ನಿಂತು ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು.

"ಟೀಚರ್," ಎಂದೆ, "ಈ ಡಬ್ಬಿ ಬಿಚ್ಚಿದ್ದು ಯಾರು?"

"ಯಾರೂ ಇಲ್ಲ. ಮೇಸ್ತ್ರಿ ಸರಿಯಾಗಿ ಬಿಗಿದಿಲ್ಲ ಅಂತ ಪೊಲೀಸ್ರೇ ಹೇಳಿದ್ರಲ್ಲ."

"ಬಿಗಿದಿದ್ರು. ಬಿಗಿದು ಗೀಟೂ ಎಳೆದಿದ್ರು. ನೋಡಿ ಇಲ್ಲಿ."

ಆಕೆ ನೋಡಲಿಲ್ಲ. ಗೋಡೆಯ ಕಡೆ ತಿರುಗಿ ಸೆರಗಿನ ಅಂಚನ್ನು ಸರಿಪಡಿಸಿಕೊಂಡಳು.

"ಇದರೊಳಗೆ ಬೆರಳುದ್ದದ ಒಂದು ತಂತಿ ಇತ್ತು. ನ್ಯೂಟ್ರಲ್ಲಿಂದ ಅರ್ತಿಂಗಿಗೆ. ಅರ್ತಿಂಗ್ ಸಿಗದಿದ್ರೆ ಚಾರ್ಜರು ಕೆಂಪು ದೀಪ ತೋರಿಸಿ ಮುಷ್ಕರ ಹೂಡುತ್ತೆ. ಆ ತುಂಡು ಹಾಕಿದ್ರೆ ಅರ್ತಿಂಗ್ ಇದೆ ಅಂತ ಮೋಸ ಹೋಗಿ ಹಸಿರು ದೀಪ ತೋರಿಸುತ್ತೆ. ಎಷ್ಟೋ ಮನೇಲಿ ಮಾಡ್ತಾರೆ. ನಾನು ಬೈದು ಬೈದು ಸಾಕಾಗಿದೀನಿ. ಆ ತುಂಡು ಎಲ್ಲಿ?"

ಆಕೆ ಮನೆಯೊಳಕ್ಕೆ ಹೊರಟುಹೋದಳು. ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ನನ್ನ ಬಾಯಿಗೆ ಬೀಗ ಹಾಕಬೇಕು, ಮೂರು ದಿನದ ಹಿಂದೆ ಗಂಡನನ್ನು ಕಳಕೊಂಡವಳ ಮುಂದೆ ಪಾಠ ಹೇಳಲು ನಿಂತಿದ್ದೆ.

ಐದು ನಿಮಿಷದ ಮೇಲೆ ಬಂದಳು. ಕೈಯಲ್ಲಿ ಗಂಡಸರ ಕನ್ನಡಕದ ಡಬ್ಬಿ. ತೆರೆದು ನನ್ನ ಮುಂದೆ ಹಿಡಿದಳು. ಕನ್ನಡಕದ ಪಕ್ಕದಲ್ಲಿ, ಎರಡೂ ತುದಿ ಸುಲಿದ ಬೆರಳುದ್ದದ ತಂತಿ ಮಲಗಿತ್ತು.

"ಭಾನುವಾರ ಟಾರ್ಚು ಹಿಡಿದಿದ್ದು ನಾನೇ," ಎಂದಳು.

ಈಗ ಕೂತಳು. ತೊಳೆಯುವ ಬಕೆಟ್ಟನ್ನು ಬೋರಲು ಹಾಕಿ ನಾನೂ ಎದುರಿಗೆ ಕೂತೆ.

"ಶನಿವಾರ ನಮ್ಮವ್ರು ಊರಲ್ಲಿರ್ಲಿಲ್ಲ. ಭಾನುವಾರ ಬೆಳಿಗ್ಗೆ ಬಂದು ಕಾರು ಚಾರ್ಜಿಗೆ ಹಾಕಿದ್ರೆ ಕೆಂಪು ದೀಪ. ಪುಸ್ತಕ ತೆಗೆದು ನೋಡಿದ್ರು, ಅರ್ತಿಂಗ್ ಇಲ್ಲ ಅಂತ ಬರೆದಿತ್ತು. ಹೊರಗಡೆ ಗೋಡೆ ಉದ್ದಕ್ಕೂ ಹುಡುಕ್ತಾ ಹೋದ್ರು. ಗುಲಾಬಿ ಪಾತಿ ಅಗೆದಿದ್ದ ಕಡೆ ಹಸಿರು ತಂತಿ ತುಂಡಾಗಿ ಮೇಲೆ ಬಂದಿತ್ತು."

"ಪಾತಿ ಯಾರು ಅಗೆದಿದ್ದು?"

ಆಕೆ ಕಿಟಕಿಯ ಕಡೆ ನೋಡಿದಳು. ಅಂಗಳದಲ್ಲಿ ಆಕೆಯ ಮಾವ ಗಿಡಗಳಿಗೆ ನೀರು ಹಾಕುತ್ತಿದ್ದರು. ಮೂವತ್ತೆರಡು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಹಾಕಿದ ಗಿಡಕ್ಕೇ ಮತ್ತೆ ಮತ್ತೆ ಹಾಕುತ್ತಿದ್ದರು.

"ಶನಿವಾರವಿಡೀ ಮಾವ ಅಲ್ಲೇ ಗುದ್ದಲಿ ಹಿಡ್ಕೊಂಡು ಕೂತಿದ್ರು," ಎಂದಳು ಸಣ್ಣ ದನಿಯಲ್ಲಿ. "ನಮ್ಮವ್ರು ಮುಖ ಸಣ್ಣಗೆ ಮಾಡ್ಕೊಂಡು ಬಂದ್ರು. ಮೇಸ್ತ್ರಿಗೆ ಫೋನ್ ಮಾಡಿ ಅಂದೆ. ಬೇಡ ಅಂದ್ರು. ಮೇಸ್ತ್ರಿ ಬಂದ್ರೆ ಯಾರು ಅಗೆದಿದ್ದು ಅಂತ ಕೇಳ್ತಾರೆ, ಅಪ್ಪನಿಗೆ ಗೊತ್ತಾಗುತ್ತೆ, ಮೊದ್ಲೇ ತಾನು ಯಾತಕ್ಕೂ ಬರಲ್ಲ ಅಂತ ಕೊರಗ್ತಿರ್ತಾರೆ, ಇನ್ನು ಗುದ್ದಲೀನೂ ಮುಟ್ಟಲ್ಲ. ಸದ್ಯಕ್ಕೆ ನಾನೇ ಏನಾದ್ರೂ ಮಾಡ್ತೀನಿ, ಅಪ್ಪ ಮುಂದಿನ ವಾರ ನೆಂಟರ ಮದುವೆಗೆ ಹೋದಾಗ ಮೇಸ್ತ್ರೀನ ಕರೆಸಿ ಸರಿ ಮಾಡಿಸ್ತೀನಿ ಅಂದ್ರು."

"ಆಮೇಲೆ?"

"ಮೊಬೈಲಲ್ಲಿ ಯಾವುದೋ ವಿಡಿಯೋ ನೋಡಿದ್ರು. ಎಲ್ಲಾ ತಂತಿ ಬಿಚ್ಚಿ ಆ ತುಂಡು ಹಾಕಿ ಮತ್ತೆ ಕೂರಿಸಿದ್ರು. ಮೀಟರ್ ಹತ್ರ ಒಂದು ಸ್ವಿಚ್ಚು ಟಪ್ ಅಂತ ಬಿತ್ತು. ಮೇಲೆತ್ತಿದ್ರು. ಮತ್ತೆ ಬಿತ್ತು. ಈ ಸ್ವಿಚ್ಚು ಹಾಳಾಗಿದೆ ಅಂತ ಅದರ ತಂತಿ ತೆಗೆದು ಪಕ್ಕದ ಸ್ವಿಚ್ಚಿಗೆ ಹಾಕಿದ್ರು. ಆಗ ಹಸಿರು ದೀಪ ಬಂತು. ಅವ್ರಿಗೆಷ್ಟು ಖುಷಿಯಾಯ್ತು ಗೊತ್ತಾ ಮೇಡಂ."

ಆ ಸ್ವಿಚ್ಚು ಹಾಳಾಗಿರಲಿಲ್ಲ. ಎಲ್ಲೋ ಕರೆಂಟು ಸೋರಿದರೆ ತಾನಾಗಿ ಬೀಳಲೆಂದೇ ಮೇಸ್ತ್ರಿ ಅದನ್ನು ಹಾಕಿದ್ದರು. ಬಿಚ್ಚಿ ಕೂರಿಸುವಾಗ ಕೆಂಪು ಕಪ್ಪು ಅದಲುಬದಲಾಯಿತು. ಆ ತುಂಡು ತಂತಿಯ ಮೂಲಕ ಪೂರ್ತಿ ಕರೆಂಟು ಚಾರ್ಜರಿನ ಮೈಗೆ, ಅಲ್ಲಿಂದ ಕಾರಿನ ಮೈಗೆ ಹರಿಯಿತು. ಗೋಡೆಯ ತೇವಕ್ಕೆ ಅದು ಸೋರುತ್ತಿದ್ದುದನ್ನು ಕಂಡು ಸ್ವಿಚ್ಚು ಎರಡು ಸಲ ಬಿದ್ದು ಬೇಡ ಎಂದಿತ್ತು. ಇದನ್ನು ಆಕೆಗೆ ಹೇಳಿ ಯಾರಿಗೇನು ಬರಬೇಕು. ವರದಿಯಲ್ಲಿ ಹೇಗೂ ಬರೆಯಲೇಬೇಕಿತ್ತು.

"ಅವ್ರು ಬಿದ್ದಾಗ ಮೇನ್ ಆಫ್ ಮಾಡ್ದೆ," ಎಂದಳು. "ಆಂಬುಲೆನ್ಸು ಹೋದ್ಮೇಲೆ ಇಲ್ಲಿಗೆ ಬಂದು ಈ ತುಂಡು ತೆಗೆದೆ. ಸ್ಕ್ರೂ ಸಡಿಲ ಮಾಡಿದಾಗ ಹಸಿರು ತಂತೀನೂ ಕೈಗೆ ಬಂತು. ವಾಪಸ್ಸು ಹಾಕೋಕೆ ಗೊತ್ತಾಗ್ಲಿಲ್ಲ, ಮುಚ್ಚಳ ಹಾಕ್ಬಿಟ್ಟೆ. ಪೊಲೀಸ್ರು ಅದನ್ನ ನೋಡಿ ಮೇಸ್ತ್ರಿ ತಪ್ಪು ಅಂದ್ರು. ನಾನು ಹೂಂ ಅಂದೆ."

"ಯಾಕಮ್ಮ ಹೂಂ ಅಂದ್ರಿ?"

"ನಿಜ ಹೇಳಿದ್ರೆ ತಂತಿ ಹೇಗೆ ತುಂಡಾಯ್ತು ಅಂತ ಕೇಳ್ತಾರೆ. ಮಗನ್ನ ಕೊಂದಿದ್ದು ತನ್ನ ಗುದ್ದಲಿ ಅಂತ ಮಾವನಿಗೆ ಗೊತ್ತಾದ್ರೆ ಅವ್ರು ಉಳಿಯಲ್ಲ ಮೇಡಂ. ನಮ್ಮವ್ರು ಕೊನೇದಾಗಿ ನನ್ನ ಕೇಳಿದ್ದು ಅದೊಂದೇ. ಅಪ್ಪನಿಗೆ ಹೇಳ್ಬೇಡ ಅಂತ."

ನಾನು ನೋಡಿದ ಬೆಂಕಿ, ಶಾಕು, ಸಾವುಗಳ ಹಿಂದೆ ಹೆಚ್ಚಾಗಿ ಸಿಗುವುದು ಜಿಪುಣತನ, ಇಲ್ಲವೇ ಸೋಮಾರಿತನ. ಇಲ್ಲಿ ಸಿಕ್ಕಿದ್ದು ಅಪ್ಪನ ಮೇಲಿನ ಅಕ್ಕರೆ. ಅದಕ್ಕೆ ವರದಿಯ ಫಾರಮ್ಮಿನಲ್ಲಿ ಜಾಗವಿಲ್ಲ.

ಆದರೂ ಹೇಳಬೇಕಾದ್ದನ್ನು ಹೇಳಿದೆ.

"ಮೇಸ್ತ್ರಿಗೂ ಒಬ್ಬ ಹೆಂಡತಿ ಇದಾರೆ ಟೀಚರ್. ಮೂರು ದಿನದಿಂದ ಠಾಣೆ ಗೇಟಿನ ಹತ್ರ ಊಟದ ಕ್ಯಾರಿಯರ್ ಹಿಡ್ಕೊಂಡು ನಿಂತಿದಾರೆ. ಆ ಮನುಷ್ಯ ನಲವತ್ತು ವರ್ಷ ಈ ಕೆಲಸ ಮಾಡಿದಾರೆ. ಇವತ್ತು ನಾನು ಅವ್ರ ಕೆಲಸ ಕೆಟ್ಟದ್ದು ಅಂತ ಬರೆದ್ರೆ ಇನ್ಯಾರೂ ಅವ್ರನ್ನ ಮನೆಯೊಳಗೆ ಬಿಟ್ಕೊಳ್ಳಲ್ಲ. ನಿಮ್ಮ ಮಾವ ಉಳೀಬೇಕು ಅಂತ ಇನ್ನೊಬ್ಳ ಗಂಡನ್ನ ಒಳಗೆ ಹಾಕ್ಸೋದಾ?"

ಆಕೆ ಅತ್ತಳು. ಸದ್ದು ಹೊರಗೆ ಕೇಳಬಾರದೆಂದು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಸಮಾಧಾನ ಹೇಳುವ ಕಲೆ ನನಗೆ ಬಾರದು. ಹೇಳಹೋಗಿ ಎಷ್ಟೋ ಸಲ ಕೆಡಿಸಿದ್ದೇನೆ.

"ತಂತಿ ತುಂಡಾದ ಜಾಗ ತೋರಿಸಿ," ಎಂದೆ ಕೊನೆಗೆ. "ಅದನ್ನ ನೋಡದೆ ಬರೆಯೋ ಹಾಗಿಲ್ಲ."

ಗುಲಾಬಿ ಪಾತಿ ಕಾಂಪೌಂಡಿನ ಮೂಲೆಯಲ್ಲಿತ್ತು. ಮಾವ ನೀರಿನ ಪೈಪು ಹಿಡಿದು ಗೇಟಿನ ಕಡೆ ಹೋಗಿದ್ದರು. ನಾನು ಮೊಣಕಾಲೂರಿ ಮಣ್ಣು ಸರಿಸಿದೆ. ಗೇಣುದ್ದ ಕೆಳಗೆ ಬಿಳಿ ಪ್ಲಾಸ್ಟಿಕ್ ಪೈಪು ಸಿಕ್ಕಿತು. ಹಸಿರು ತಂತಿ ಆ ಪೈಪಿನೊಳಗಿನಿಂದ ಅರ್ತಿಂಗ್ ಗುಂಡಿಗೆ ಹೋಗಬೇಕು.

ಪೈಪು ಒಡೆದಿರಲಿಲ್ಲ. ಗುದ್ದಲಿಯ ಏಟು ಬಿದ್ದಿದ್ದರೆ ಚೂರಾಗಬೇಕಿತ್ತು. ಬದಲಿಗೆ ಅದನ್ನು ಜೋಡಣೆಯಲ್ಲಿ ತಿರುವಿ, ನಾಜೂಕಾಗಿ ಹಿಂದಕ್ಕೆಳೆದು ಬಿಡಿಸಿದ್ದರು.

ತಂತಿಯ ತುದಿಯನ್ನು ಒರೆಸಿ ಭೂತಗನ್ನಡಿ ಹಿಡಿದೆ. ಗುದ್ದಲಿ ಕಡಿದರೆ ತಾಮ್ರ ಒಂದು ಕಡೆಗೆ ಜಜ್ಜಿ ಬಾಗುತ್ತದೆ. ಇಲ್ಲಿ ಎರಡು ಕಡೆಯಿಂದ ಇಳಿಜಾರಾಗಿ ಬಂದ ಕೊಯ್ತ ನಡುವೆ ಚೂಪಾಗಿ ಸೇರಿತ್ತು. ಎರಡು ಹಲ್ಲಿನ ನಡುವೆ ಕಚ್ಚಿದ ಕೊಯ್ತ. ಕಟಿಂಗ್ ಪ್ಲೇಯರ್ ಬಿಟ್ಟರೆ ಇನ್ಯಾವುದೂ ಹಾಗೆ ಕಡಿಯುವುದಿಲ್ಲ.

"ಟೀಚರ್," ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. "ಇದು ಗುದ್ದಲಿ ಅಲ್ಲ. ನಿಮ್ಮ ಮಾವನಿಗೂ ಇದಕ್ಕೂ ಸಂಬಂಧ ಇಲ್ಲ."

ಆಕೆ ನೆಲದ ಮೇಲೇ ಕೂತುಬಿಟ್ಟಳು. ಮೂರು ದಿನದಿಂದ ಒಬ್ಬಳೇ ಹೊತ್ತಿದ್ದ ಭಾರ ಇಳಿದ ಮುಖ. ನನಗೂ ಸಂತೋಷವಾಯಿತು. ಅರೆ ನಿಮಿಷ, ಅಷ್ಟೇ.

"ಏನ್ ತಾಯೀ, ನನ್ ಪಾತೀಲಿ ನಿಧಿ ಹುಡುಕ್ತಿದೀರಾ?"

ಮಾವ ಹಿಂದೆ ನಿಂತಿದ್ದರು. ಮೂರು ದಿನದ ಗಡ್ಡ, ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ತಮಾಷೆ ಬಾಯಿಂದ ಹಳೇ ಅಭ್ಯಾಸಕ್ಕೆ ಬಂದಿತ್ತು, ಕಣ್ಣಲ್ಲಿ ಇರಲಿಲ್ಲ.

"ಈ ತಂತಿ ನೋಡ್ತಿದ್ದೆ ಯಜಮಾನ್ರೇ."

"ಅದಾ? ಅದನ್ನ ಮುಚ್ಬೇಡಿ. ಮೇಸ್ತ್ರಿ ಬಂದು ಹೊಸದು ಎಳೀತೀನಿ ಅಂದಿದ್ರು."

ಸೊಸೆ ಮೆಲ್ಲಗೆ ತಲೆಯೆತ್ತಿದಳು. ನಾನು ಎದ್ದು ಮಂಡಿಯ ಮಣ್ಣು ಕೊಡವಿದೆ, ಕೈಗೆ ಏನಾದರೊಂದು ಕೆಲಸ ಬೇಕಿತ್ತು.

"ಯಾವ ಮೇಸ್ತ್ರಿ?"

"ಅದೇ, ಚಾರ್ಜರು ಹಾಕಿದೋರು. ಶನಿವಾರ ಸಂಜೆ ಬಂದಿದ್ರಲ್ಲ. ಇವಳು ಅಂಗಡಿಗೆ ಹೋಗಿದ್ಲು, ನಾನೇ ಗೇಟು ತೆಗೆದೆ. ಇಲ್ಲೇ ಕುಕ್ಕರಗಾಲಲ್ಲಿ ಕೂತು ಆ ಪೈಪು ಬಿಡಿಸಿ ಕತ್ತರಿಸಿದ್ರು. ನಿಮ್ಮ ಮಗನೇ ಫೋನ್ ಮಾಡಿ ಕರೆಸಿದ್ದು ಅಂದ್ರು. ಟೀ ಕೊಡ್ತೀನಿ ಅಂದೆ, ಬೇಡ ಅಂತ ಹೋದ್ರು. ಯಾವತ್ತೂ ಬೇಡ ಅನ್ನೋರಲ್ಲ."

"ಅವ್ರು ಕರೆಸೇ ಇಲ್ಲ ಮಾವ," ಎಂದಳು ಸೊಸೆ. "ಮೇಸ್ತ್ರಿ ಬಂದಿದ್ದೇ ಅವ್ರಿಗೆ ಗೊತ್ತಿರ್ಲಿಲ್ಲ. ನೀವ್ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತಾನೇ ಇದ್ದೆ ಮಗಳೇ. ಭಾನುವಾರವೆಲ್ಲ ಅವನು ನನಗೆ ಮುಖ ಕೊಟ್ಟು ಮಾತಾಡ್ಲಿಲ್ಲ. ನಾನು ಹತ್ರ ಹೋದ್ರೆ ಎದ್ದು ಹೋಗೋನು. ಏನೋ ಮುನಿಸು, ಸಂಜೆಗೆ ಸರಿಹೋಗ್ತಾನೆ ಅಂತ ಸುಮ್ನಾದೆ."

ಅಷ್ಟು ಹೇಳಿ ಅವರು ಮತ್ತೆ ನೀರಿನ ಪೈಪು ಎತ್ತಿಕೊಂಡರು. ಸೊಸೆ ನನ್ನನ್ನು ನೋಡಲಿಲ್ಲ, ನಾನೂ ಅವಳನ್ನು ನೋಡಲಿಲ್ಲ. ಮಗ ಯಾಕೆ ಮುಖ ತಪ್ಪಿಸಿದ ಎಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಗಂಟೆ ನಾಲ್ಕೂವರೆ. ನಾನು ಗೇಟಿನಾಚೆ ಹೋಗಿ ರಸ್ತೆಯ ಮರದ ಕೆಳಗೆ ನಿಂತು ಮೇಸ್ತ್ರಿಗೆ ಫೋನ್ ಮಾಡಿದೆ. ಎರಡನೇ ರಿಂಗಿಗೇ ಎತ್ತಿದರು. ಹಿಂದೆ ಠಾಣೆಯ ಫ್ಯಾನಿನ ಕಿರಕಿರ.

"ಮೇಸ್ತ್ರಿಗಳೇ, ಶನಿವಾರ ಸಂಜೆ ಎಲ್ಲಿದ್ರಿ?"

ಅವರು ಬೆಂಚಿನಿಂದ ಎದ್ದು ಆಚೆ ನಡೆದ ಸದ್ದು ಕೇಳಿಸಿತು.

"ಆ ಮನೇಲೇ ಇದ್ದೆ ಕಣಮ್ಮ," ಎಂದರು. "ತಂತಿ ಕತ್ತರಿಸಿದ್ದು ನಾನೇ."

"ಯಾಕೆ?"

"ಅರ್ತಿಂಗ್ ಇಲ್ದಿದ್ರೆ ಚಾರ್ಜರು ನಿಂತ್ಹೋಗುತ್ತೆ, ಎರಡು ದಿನ ಕಾರು ಶೆಡ್ಡಲ್ಲೇ ಇರುತ್ತೆ, ಅಷ್ಟೇ ಬೇಕಾಗಿದ್ದಿದ್ದು. ಸೋಮವಾರ ಟೀಚರ್ ಗಂಡ ಎಲ್ಲೂ ಹೋಗ್ಬಾರ್ದಿತ್ತು. ಕೆಂಪು ದೀಪ ನೋಡಿ ನನಗೇ ಫೋನ್ ಮಾಡ್ತಾರೆ ಅಂದ್ಕೊಂಡಿದ್ದೆ. ಭಾನುವಾರವಿಡೀ ಫೋನ್ ಕೈಯಲ್ಲೇ ಹಿಡ್ಕೊಂಡು ಕೂತಿದ್ದೆ. ಡಬ್ಬಿ ಅವರೇ ಬಿಚ್ತಾರೆ ಅಂತ ದೇವ್ರಾಣೆ ಗೊತ್ತಿರ್ಲಿಲ್ಲ."

"ಯಾರಿಗೋಸ್ಕರ ಮಾಡಿದ್ರಿ? ಸೋಮವಾರ ಅವ್ರು ಎಲ್ಲಿಗೆ ಹೋಗೋರಿದ್ರು?"

"ಅದನ್ನ ಕೇಳ್ಬೇಡ." ದನಿ ತಗ್ಗಿತು. "ನೀನು ವರದಿ ಬರಿ. ಮೇಸ್ತ್ರಿ ಕೆಲಸ ಕೆಟ್ಟದ್ದು, ಸ್ಕ್ರೂ ಬಿಗಿದಿರ್ಲಿಲ್ಲ ಅಂತ ಬರಿ. ನಾನು ಒಪ್ಕೊಂಡು ಸಹಿ ಹಾಕ್ತೀನಿ. ಅಷ್ಟಕ್ಕೇ ಮುಗೀಲಿ. ನಿನ್ನ ಕಾಲಿಗೆ ಬೀಳ್ತೀನಿ ಕಣಮ್ಮ, ಆ ತಂತಿ ವಿಷಯ ಬರೀಬೇಡ."

ನಾನು ಕಲಿಯುವಾಗ, ಸಾಲು ತಪ್ಪಿದ ಒಂದು ಸ್ವಿಚ್ಚಿಗಾಗಿ ಇಡೀ ಗೋಡೆ ಮತ್ತೆ ಒಡೆಸಿದ ಮನುಷ್ಯ. ಈಗ ಯಾರನ್ನೋ ಮರೆಮಾಡಲು, ತನ್ನ ಕೆಲಸ ಕೆಟ್ಟದ್ದು ಎಂದು ಬರೆಯುವಂತೆ ನನ್ನನ್ನು ಬೇಡಿಕೊಳ್ಳುತ್ತಿದ್ದರು. ಫೋನು ಕಟ್ಟಾಯಿತು. ನಾನು ಮತ್ತೆ ಮಾಡಿದೆ, ಎತ್ತಲಿಲ್ಲ.

ತಿರುಗಿದರೆ ಗೇಟಿನಲ್ಲಿ ಸೊಸೆ ನಿಂತಿದ್ದಳು. ನನ್ನ ಮಾತು ಅವಳಿಗೆ ಕೇಳಿಸಿರಲಿಲ್ಲ. ಮುಖ ತೊಳೆದುಕೊಂಡು ಬಂದಿದ್ದಳು. ಕೈಯಲ್ಲಿ ಏನೂ ಬರೆಯದ ಬಿಳಿ ಹಾಳೆ, ಕೆಳಗೆ ಆಗಲೇ ಸಹಿ ಹಾಕಿತ್ತು.

"ಮಾವನ ಭಯ ಹೋಯ್ತು ಮೇಡಂ. ಇನ್ನು ಸುಳ್ಳು ಹೇಳಲ್ಲ," ಎಂದಳು. "ನೀವು ಹೇಳಿದ್ದೇ ಸರಿ. ಶನಿವಾರ ಮೇಸ್ತ್ರಿ ಏನೋ ರಿಪೇರಿಗೆ ಬಂದು ಹೋಗಿರ್ಬೇಕು, ಪಾಪ. ಬರ್ಕೊಳ್ಳಿ, ಮೇಸ್ತ್ರಿದು ಏನೂ ತಪ್ಪಿಲ್ಲ."